ಬೇಟೆನಾಯಿಗೆ ಒಣಮೀನು ತೋರಿಸಿದವನಾರು?

ಭಟ್ಕಳದ ತೆಂಗಿನಗುಂಡಿಯಂಥ ಬಂದರೂರಿನಲ್ಲಿ ಒಣಮೀನಿಗೆ ಬೇಕಾದ್ದು ಉಪ್ಪು, ಬಿಸಿಲು ಎರಡೇ. ಬಂಗಡೆಯನ್ನು ಸೀಳಿ, ಉಪ್ಪು ಸವರಿ ಹರವಿ, ಕಾಗೆ ಎಗರಿಸದಂತೆ ಮೇಲೊಂದು ಹಳೇ ಬಲೆ ಹೊದಿಸಿದರೆ ಆಯಿತು. ಜೂನ್, ಜುಲೈನಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಗಂಜಿಯ ಜತೆ ಕೆಂಡದಲ್ಲಿ ಸುಟ್ಟ ಒಣಮೀನಿನ ರುಚಿಯೇ ರುಚಿ.

ಇಂಗ್ಲೆಂಡಿನವರಿಗೆ ಈ ಬಿಸಿಲೆಲ್ಲಿ ಬರಬೇಕು? ಅವರು ಹೆರಿಂಗ್ ಮೀನನ್ನು (ನಮ್ಮ ತಾರ್ಲೆಯ ನೆಂಟ) ಉಪ್ಪಿನಲ್ಲಿಟ್ಟು ದಿನಗಟ್ಟಲೆ ಹೊಗೆ ಹಾಕುತ್ತಿದ್ದರು. ಮೀನು ಕೆಂಪಗಾಗುತ್ತಿತ್ತು, ನಾತ ಬೀದಿ ದಾಟುತ್ತಿತ್ತು. ಅದೇ 'ರೆಡ್ ಹೆರಿಂಗ್'. ಇಂದು ಆ ಮಾತಿಗೆ ದಾರಿ ತಪ್ಪಿಸಲೆಂದೇ ಎಸೆದ ಸುಳಿವು ಎಂದರ್ಥ. ಪತ್ತೇದಾರಿ ಕಾದಂಬರಿಯಲ್ಲಿ ಕೊನೇ ಪುಟದವರೆಗೂ ನಮ್ಮ ಅನುಮಾನ ಹೊತ್ತು ತಿರುಗುವ ಪಾಪದ ಅಡುಗೆಭಟ್ಟನೂ ರೆಡ್ ಹೆರಿಂಗೇ.

ಮೀನಿಗೂ ಮೋಸಕ್ಕೂ ನಂಟು ಬೆಳೆದದ್ದು ಹೇಗೆ? ಬೇಟೆನಾಯಿಗಳನ್ನು ಪಳಗಿಸುವಾಗ ಈ ಮೀನನ್ನು ಜಾಡಿಗೆ ಅಡ್ಡಲಾಗಿ ಎಳೆದು ಪರೀಕ್ಷಿಸುತ್ತಿದ್ದರು ಎಂದು ಬಹುಕಾಲ ನಂಬಲಾಗಿತ್ತು. ಆದರೆ 17ನೇ ಶತಮಾನದ ಬೇಟೆಯ ಪುಸ್ತಕದಲ್ಲಿರುವುದೇ ಬೇರೆ. ಬೇಟೆಯ ಗದ್ದಲಕ್ಕೆ ಒಗ್ಗಿಸಬೇಕಾದದ್ದು ಕುದುರೆಯನ್ನು. ಸತ್ತ ಬೆಕ್ಕೋ ನರಿಯೋ ಸಿಗದಿದ್ದರೆ ಮೀನನ್ನು ಎಳೆದೊಯ್ಯಿರಿ, ನಾಯಿಗಳು ಆ ವಾಸನೆ ಹಿಡಿದು ಓಡಲಿ ಎಂಬ ಸಲಹೆ ಅದು. ಅಲ್ಲಿ ನಾಯಿಯ ದಾರಿ ತಪ್ಪಿಸುವ ಮಾತೇ ಇಲ್ಲ.

ಮೋಸದ ಕಥೆ ಕಟ್ಟಿದವನು ಒಬ್ಬ ಪತ್ರಕರ್ತ. ಅದು ನನಗೇನೂ ಆಶ್ಚರ್ಯವಲ್ಲ. 1807ರ ಫೆಬ್ರುವರಿಯಲ್ಲಿ ವಿಲಿಯಂ ಕಾಬೆಟ್ ತನ್ನ 'ಪೊಲಿಟಿಕಲ್ ರಿಜಿಸ್ಟರ್' ಪತ್ರಿಕೆಯಲ್ಲಿ, ತಾನು ಹುಡುಗನಾಗಿದ್ದಾಗ ಕೆಂಪು ಹೆರಿಂಗ್ ಎಳೆದು ಮೊಲದ ಬೆನ್ನುಹತ್ತಿದ್ದ ನಾಯಿಗಳನ್ನು ಯಾಮಾರಿಸಿದ್ದೆ ಎಂದು ಬರೆದ. ಅವನ ಗುರಿ ನಾಯಿಯಲ್ಲ, ಸಹೋದ್ಯೋಗಿಗಳು. ನೆಪೋಲಿಯನ್ ಸೋತನೆಂಬ ಸುಳ್ಳು ಸುದ್ದಿಯ ಹಿಂದೆ ಬಿದ್ದ ಪತ್ರಿಕೆಗಳು ದೇಶದೊಳಗಿನ ಸಂಗತಿಗಳನ್ನೇ ಮರೆತಿದ್ದವು. 1833ರಲ್ಲೂ ಕಾಬೆಟ್ ಇದೇ ಕಥೆಯನ್ನು ಮತ್ತೆ ಎತ್ತಿದ. ನಾಯಿ ಪಳಗಿಸುವ ಕಥೆಯನ್ನು ಬದಿಗೆ ಸರಿಸಿ, ಈ ನುಡಿಗಟ್ಟಿನ ಮೂಲ ಕಾಬೆಟ್‌ನೇ ಎಂದು ಪದಮೂಲ ಹುಡುಕುವ ಜೆರಾಲ್ಡ್ ಕೋಹೆನ್ ಮತ್ತು ರಾಬರ್ಟ್ ಸ್ಕಾಟ್ ರಾಸ್ ತೋರಿಸಿಕೊಟ್ಟದ್ದು 2008ರಲ್ಲಿ. ಅಷ್ಟು ಕಾಲ ಜಾಡು ತಪ್ಪಿದವರು ವಿದ್ವಾಂಸರು.

ಈ ಮೀನು ನಮ್ಮ ಕಾನೂನಿನೊಳಗೂ ನುಸುಳಿದೆ. ಐಪಿಒ ಸುದ್ದಿಗಳಲ್ಲಿ ಬರುವ 'ರೆಡ್ ಹೆರಿಂಗ್ ಪ್ರಾಸ್ಪೆಕ್ಟಸ್' 2013ರ ಕಂಪನಿ ಕಾಯ್ದೆಯ 32ನೇ ಸೆಕ್ಷನ್‌ನಲ್ಲಿದೆ. ಷೇರಿನ ದರ, ಒಟ್ಟು ಷೇರುಗಳ ಲೆಕ್ಕ ಪೂರ್ತಿ ಇಲ್ಲದ ದಸ್ತಾವೇಜು ಅದು. ಮುಖಪುಟದಲ್ಲಿ ಕೆಂಪು ಶಾಯಿಯ ಎಚ್ಚರಿಕೆ ಅಚ್ಚು ಹಾಕುವ ಅಮೆರಿಕದ ರೂಢಿಯಿಂದ ಆ ಹೆಸರು ಬಂತು. ಇಲ್ಲಿ ಯಾರನ್ನೂ ದಾರಿ ತಪ್ಪಿಸುವ ಉದ್ದೇಶವಿಲ್ಲ, ಕಾಯ್ದೆಯ ಪ್ರಕಾರವಂತೂ.