ಕಾರ್ಡ್ ನೋಡಿ ಹೆಣ್ಣು ಬೇಡ ಅನ್ನೋ ಮುಂಚೆ

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಪ್ರಧಾನಿ ಮೋದಿಯವರು ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನಕ್ಕೆ ಚಾಲನೆ ಕೊಟ್ಟರು. 7 ಕೋಟಿ ಜನರ ರಕ್ತ ಪರೀಕ್ಷೆ ಆಗಬೇಕು, 2047ರ ಹೊತ್ತಿಗೆ ರೋಗ ತೊಲಗಬೇಕು ಅನ್ನೋದು ಗುರಿ. ಆ 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಪರೀಕ್ಷೆ ಆದವರ ಕೈಗೆ ಒಂದು ಕಾರ್ಡ್ ಬರುತ್ತೆ.

ಸಮಸ್ಯೆ ಶುರುವಾಗೋದೇ ಇಲ್ಲಿ. ‘ಇವರಲ್ಲಿ ಇಷ್ಟು ಪರ್ಸೆಂಟ್ ಸಿಕಲ್’ ಅಂತ ನಾವು ಟಿವಿಯವರು ಹೆಡ್‌ಲೈನ್ ಹಾಕಿಬಿಡ್ತೀವಿ. ಯಾವ ಪರ್ಸೆಂಟು? ಕೇಳೋರಿಲ್ಲ.

ನೂರು ಜನರ ಒಂದು ಹಾಡಿ ಅಂದುಕೊಳ್ಳಿ. ಹಿಮೋಗ್ಲೋಬಿನ್‌ನ ಈ ಜೀನ್ ಪ್ರತಿಯೊಬ್ಬರಲ್ಲೂ ಎರಡು ಪ್ರತಿ, ಅಪ್ಪನದೊಂದು, ಅಮ್ಮನದೊಂದು. ಒಟ್ಟು 200. ಅದರಲ್ಲಿ 20 ಪ್ರತಿ ಸಿಕಲ್ ಇದ್ದರೆ ಜೀನ್ ಪ್ರಮಾಣ ಶೇ. 10. ಹಾಗಂತ ಹತ್ತು ಜನ ರೋಗಿಗಳಲ್ಲ! ಮದುವೆಗಳು ಜೀನ್ ನೋಡದೆ ನಡೆದಿದ್ದರೆ, ಸರಾಸರಿ ಲೆಕ್ಕದಲ್ಲಿ 18 ಜನರಲ್ಲಿ ಒಂದೊಂದೇ ಪ್ರತಿ ಇರುತ್ತೆ. ಅವರು ಬರೀ ವಾಹಕರು. ಎರಡೂ ಪ್ರತಿ ಸಿಕಲ್ ಇರೋ ರೋಗಿ ಒಬ್ಬ. ಸೋದರಮಾವ, ಅತ್ತೆ ಮಗ ಅಂತ ಹತ್ತಿರದ ಸಂಬಂಧದಲ್ಲೇ ಕೊಟ್ಟು ತಂದರೆ ಆ ಒಂದು ಹೆಚ್ಚುತ್ತೆ, ಜೀನ್ ಅಷ್ಟೇ ಇದ್ದರೂ.

ಇಷ್ಟು ಕೆಟ್ಟ ಜೀನ್ ಉಳಿದುಕೊಂಡಿದ್ದಾದರೂ ಹೇಗೆ? ಮಲೇರಿಯಾದಿಂದ. ಒಂದೇ ಪ್ರತಿ ಇರೋ ಮಗು ಮಾರಕ ಮಲೇರಿಯಾವನ್ನು ಚೆನ್ನಾಗಿ ತಡೆದುಕೊಳ್ಳುತ್ತೆ ಅಂತ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಅಧ್ಯಯನ ಮಾಡಿ 1954ರಲ್ಲೇ ಬರೆದರು. ಸೊಳ್ಳೆಯ ಕಾಡಲ್ಲಿ ಬದುಕಿದವರ ರಕ್ತದಲ್ಲಿ ಅದು ಉಳಿಯಿತು. ಯಾರ ಪಾಪವೂ ಅಲ್ಲ, ಶಾಪವೂ ಅಲ್ಲ. 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಇದು ಪತ್ತೆಯಾಯಿತು ಅನ್ನೋದನ್ನೂ ನೆನಪಿಡಿ. ನೀಲಗಿರಿ ನಮ್ಮ ಗುಂಡ್ಲುಪೇಟೆಗೆ ಪಕ್ಕದಲ್ಲೇ ಇದೆ.

ಈಗ ಕಾರ್ಡಿಗೆ ಬರೋಣ. ವಾಹಕ ಹುಡುಗಿ, ಏನೂ ಇಲ್ಲದ ಹುಡುಗ: ಮಕ್ಕಳಲ್ಲಿ ಯಾರಿಗೂ ಈ ರೋಗ ಬರೋಲ್ಲ, ಹೆಚ್ಚೆಂದರೆ ವಾಹಕರಾಗಬಹುದು. ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಅಪಾಯ. ಮೊದಲ ಮಗು ಚೆನ್ನಾಗಿದೆ ಅಂತ ಎರಡನೆಯದಕ್ಕೆ ಆ ಅಪಾಯ ಕಡಿಮೆಯಾಗೋಲ್ಲ. ಹಾಗಿರುವಾಗ ‘ಆ ಹುಡುಗಿ ಸಿಕಲ್ ಅಂತೆ’ ಅಂತ ಸಂಬಂಧ ಮುರಿಯೋದು ಲೆಕ್ಕ ಬಾರದವರ ಕೆಲಸ. ಬೆರಳು ಚುಚ್ಚಿಸಿಕೊಳ್ಳೋದು ಹುಡುಗನೂ ತಾನೇ?

ಇನ್ನೊಂದು ವಿಷಯ. ಶಿಬಿರದಲ್ಲಿ ಮೊದಲು ಮಾಡುವ ಸಾಲ್ಯುಬಿಲಿಟಿ ಪರೀಕ್ಷೆ ಸಿಕಲ್ ಇದೆಯೋ ಇಲ್ಲವೋ ಅಂತಷ್ಟೇ ಹೇಳುತ್ತೆ. ವಾಹಕರೋ ರೋಗಿಯೋ ಅಂತ ಬೇರೆ ಮಾಡೋಕೆ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೋರೆಸಿಸ್ ಬೇಕು. ಮೊದಲನೆಯದರಲ್ಲಿ ಪಾಸಿಟಿವ್ ಬಂದರೆ ಎರಡನೇ ರಿಪೋರ್ಟ್ ಕೇಳಿ ಪಡೆಯಿರಿ.