ಹುಟ್ಟಿದ ವರ್ಷದ ಸೀಸೆ, ಹುಣಸೂರು ಸೀಮೆಯ ಹಗೇವು

ಅರುವತ್ತು ತುಂಬಿದವರಿಗೆ ನಮ್ಮಲ್ಲಿ ಷಷ್ಟ್ಯಬ್ದಿ ಮಾಡುವ ವಾಡಿಕೆಯುಂಟು. ಹುಟ್ಟಿದಾಗ ಇದ್ದ ಸಂವತ್ಸರವೇ ತನ್ನ ಸುತ್ತನ್ನು ಮುಗಿಸಿ ಮತ್ತೆ ಬಾಗಿಲಿಗೆ ಬಂದು ನಿಲ್ಲುವ ಸಂಭ್ರಮ ಅದು. ಪಶ್ಚಿಮದವರಿಗೆ ಈ ಚಕ್ರವಿಲ್ಲ. ಅವರು ಹುಟ್ಟಿದ ವರ್ಷವನ್ನು ಸೀಸೆಯೊಳಗೆ ಹುಡುಕುತ್ತಾರೆ. ಇಂಗ್ಲೆಂಡಿನ ಸಿರಿವಂತ ಮನೆತನಗಳಲ್ಲಿ ಮಗು ಹುಟ್ಟಿದೊಡನೆ ಆ ವರ್ಷದ ಪೋರ್ಟ್ ಮದ್ಯವನ್ನು ಒಂದು ಪೀಪಾಯಿಯಷ್ಟು, ಎಂದರೆ ಸುಮಾರು 550 ಲೀಟರಿನಷ್ಟು, ಕೊಂಡು ನೆಲಮಾಳಿಗೆಯಲ್ಲಿ ಇರಿಸುವ ಪದ್ಧತಿ ಇತ್ತು. ಮಗು ಪ್ರಾಯಕ್ಕೆ ಬರುವ ಹೊತ್ತಿಗೆ ಮದ್ಯವೂ ಪ್ರಾಯಕ್ಕೆ ಬರುತ್ತಿತ್ತು.

ಅಂತಹ ಅಜ್ಜನಿಲ್ಲದವರು ಅಂಗಡಿಯಲ್ಲಿಯೂ ಹರಾಜಿನಲ್ಲಿಯೂ ಹುಡುಕಬೇಕು. ತೊಡಕು ಅಲ್ಲಿಯೇ. ಹಳೆಯದೆಲ್ಲ ಹೊನ್ನಲ್ಲ. ಜಗತ್ತಿನಲ್ಲಿ ತಯಾರಾಗುವ ದ್ರಾಕ್ಷಾಮದ್ಯದಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಬೇಕಾದದ್ದು. ಹುಳಿ, ಒಗರು, ಸಿಹಿ, ಮದ್ಯಸಾರ, ಇವುಗಳಲ್ಲಿ ಒಂದಾದರೂ ಬಲವಾಗಿದ್ದರೆ ಮಾತ್ರ ಅದು ದಶಕಗಳನ್ನು ತಾಳೀತು. ಅದರ ಮೇಲೆ ಆ ವರ್ಷದ ಮಳೆ ಬಿಸಿಲುಗಳ ಕೃಪೆಯೂ ಬೇಕು. 1963ರಲ್ಲಿ, ನಮ್ಮ ಶೋಭಕೃತು ಸಂವತ್ಸರದಲ್ಲಿ, ಹುಟ್ಟಿದವರು ಪುಣ್ಯವಂತರು. ಪೋರ್ಚುಗಲ್ಲಿನ ಪೋರ್ಟ್ ಮದ್ಯಕ್ಕೆ ಅದು ಹೆಸರಾಂತ ವರ್ಷ. 1965ರ ವಿಶ್ವಾವಸುವಿನವರ ಪಾಡು ಬೇರೆ: ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಆ ವರ್ಷದ ಸುಗ್ಗಿ ತೀರ ಕಳಪೆ. ಭಾರತದಲ್ಲಿಯೂ ಅದು ಬರದ ವರ್ಷವೇ ಆಗಿತ್ತು. ಮರುವರ್ಷದ ಹೆಸರು ಪರಾಭವ. ಆದರೆ ಬೋರ್ಡೋಗೂ ಪೋರ್ಟಿಗೂ 1966 ಒಳ್ಳೆಯ ಫಲವನ್ನೇ ಕೊಟ್ಟಿತು! ಹೆಸರನ್ನು ನಂಬಿ ಪಂಚಾಂಗ ಓದುವವರು ಗಮನಿಸಬೇಕು.

ಹುಟ್ಟಿದ ವರ್ಷ ಕೆಟ್ಟದ್ದಾದವರಿಗೂ ದಾರಿಯುಂಟು. ಮದೀರಾ ದ್ವೀಪದ ಮದ್ಯವನ್ನು ಬೇಕೆಂದೇ ಕಾಯಿಸಿ, ಬ್ರಾಂದಿ ಬೆರೆಸಿ ಗಟ್ಟಿಮಾಡಿರುತ್ತಾರೆ. ಬೆಂಕಿಯನ್ನು ಮೊದಲೇ ಕಂಡದ್ದಕ್ಕೆ ಆಮೇಲೆ ಕಾಲದ ಭಯ ಕಡಮೆ. ನೂರು ವರ್ಷ ದಾಟಿದ ಮದೀರಾ ಕೂಡ ಕುಡಿಯಲು ಯೋಗ್ಯವಾಗಿರುವುದುಂಟು. ಒಂದೇ ವರ್ಷದ ಮದ್ಯವನ್ನು ಮರದ ಪೀಪಾಯಿಯಲ್ಲಿ ಮಾಗಿಸಿದ ಕೊಲ್ಹೇಟ ಎಂಬ ಪೋರ್ಟಿನ ಬಗೆಯೂ ಇದೆ. ಕೊಳ್ಳುವಾಗ ಸೀಸೆಯನ್ನು ಬೆಳಕಿಗೆ ಹಿಡಿದು ಮದ್ಯದ ಮಟ್ಟವನ್ನು ನೋಡಬೇಕು. ಮಟ್ಟವು ಕೊರಳಿನಿಂದ ಭುಜಕ್ಕೆ ಇಳಿದಿದ್ದರೆ ಬಿರಡೆ ಸೋತು ಗಾಳಿ ಒಳಹೊಕ್ಕಿದೆ ಎಂದು ಅರ್ಥ. ಎಲ್ಲಿ, ಎಂತಹ ತಂಪಿನಲ್ಲಿ ಇಟ್ಟಿದ್ದರೆಂಬ ಚರಿತ್ರೆಯನ್ನೂ ಕೇಳಬೇಕು. ಮೋಸಗಾರರಿಗೂ ಕೊರತೆಯಿಲ್ಲ. ಅಗ್ಗದ ಮದ್ಯಗಳನ್ನು ಬೆರೆಸಿ ಹಳೆಯ ಚೀಟಿಗಳನ್ನು ಅಂಟಿಸಿ ಕುಬೇರರನ್ನೇ ವಂಚಿಸಿದ ರೂಡಿ ಕುರ್ನಿಯವಾನ್ ಎಂಬಾತನಿಗೆ ಅಮೆರಿಕದ ನ್ಯಾಯಾಲಯವು 2014ರಲ್ಲಿ ಹತ್ತು ವರ್ಷ ಸೆರೆಮನೆ ವಿಧಿಸಿತು. ಇನ್ನು ಕರ್ನಾಟಕದ ಮದ್ಯವೇ ಬೇಕೆಂದರೆ, ನಂದಿಯ ತಪ್ಪಲಿನ ಗ್ರೋವರ್ ದ್ರಾಕ್ಷಿತೋಟ ಮೊದಲಾದದ್ದೇ 1988ರಲ್ಲಿ. ಷಷ್ಟ್ಯಬ್ದಿಗೆ ಅದು ಒದಗುವ ಮಾತಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆ ತಿರುಗಿದರೆ ದ್ರಾಕ್ಷಿಯ ಹೆಸರಿಲ್ಲ. ಆದರೆ ವಸ್ತುವನ್ನು ಹಳತು ಮಾಡುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಕಾವೇರಿಯ ಕಾಲುವೆ ನೀರಿನಲ್ಲಿ ಬೆಳೆದ ಭತ್ತವನ್ನು ಹಳತಾಗಲು ಬಿಟ್ಟರೆ ಅನ್ನ ಅಂಟದೆ ಬಿಡಿಬಿಡಿಯಾಗಿ ಅರಳುತ್ತದೆಂಬುದನ್ನು ಯಾವ ಗೃಹಿಣಿಗೂ ಹೇಳಿಕೊಡಬೇಕಿಲ್ಲ. ಹತ್ತು ವರ್ಷ ಕಳೆದ ತುಪ್ಪವನ್ನು ಚರಕಸಂಹಿತೆಯು ‘ಪುರಾಣ’ವೆಂದು ಕರೆದು ಔಷಧಕ್ಕೆ ವಿಧಿಸುತ್ತದೆ. ಈ ತಾಲ್ಲೂಕುಗಳ ಹೊಗೆಸೊಪ್ಪೂ ಬ್ಯಾರನ್ನಿನಲ್ಲಿ ಹದಗೊಂಡು ಹರಾಜಾದ ಮೇಲೆ ಕಂಪನಿಗಳ ಉಗ್ರಾಣದಲ್ಲಿ ವರ್ಷ ಎರಡು ವರ್ಷ ಮಾಗಿ ತನ್ನ ಘಾಟನ್ನು ಕಳೆದುಕೊಳ್ಳುತ್ತದೆ. ಆ ಮಾಗುವಿಕೆಯ ಲಾಭ ಮಾತ್ರ ಬೆಳೆದ ರೈತನದಲ್ಲ.

ದಶಕಗಳ ಲೆಕ್ಕದಲ್ಲಿ ಬಾಳುವುದು ರಾಗಿ. ಹಳೆಯ ಮೈಸೂರಿನ ಊರುಗಳಲ್ಲಿ ಮನೆಯ ಮುಂದೆಯೋ ಕಣದ ಬದಿಯಲ್ಲೋ ಹಗೇವು ಇರುತ್ತಿತ್ತು. ನೀರು ನಿಲ್ಲದ ಎತ್ತರದ ಗಟ್ಟಿನೆಲವನ್ನು ಆರಿಸಿ, ಮನುಷ್ಯನೊಬ್ಬ ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಹೊಟ್ಟೆಯನ್ನು ಗುಡಾಣದಂತೆ ಅಗಲಿಸಿ ತೋಡುತ್ತಿದ್ದರು. ಒಳಗೆ ಹುಲ್ಲು ಸುಟ್ಟು ತೇವ ತೆಗೆದು, ಸುತ್ತಲೂ ಒಣಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು. ಕಾಳು ಸಣ್ಣದು, ಸಿಪ್ಪೆ ಗಟ್ಟಿ. ಹುಳಕ್ಕೆ ಸುಲಭದ ತುತ್ತಲ್ಲ. ಅದಲ್ಲದೆ ಮುಚ್ಚಿದ ಗುಂಡಿಯಲ್ಲಿ ಕಾಳೂ ಹುಳವೂ ಉಸಿರಾಡುತ್ತ ಪ್ರಾಣವಾಯುವನ್ನು ತೀರಿಸಿ ಇಂಗಾಲಾಮ್ಲ ವಾಯುವನ್ನು ತುಂಬುತ್ತವೆ. ಹುಳ ಸಾಯುತ್ತದೆ, ರಾಗಿ ಉಳಿಯುತ್ತದೆ. ಬಿರಡೆ ಗಾಳಿಯನ್ನು ತಡೆದು ಸೀಸೆಯಲ್ಲಿ ಮಾಡುವ ಕೆಲಸವನ್ನು ಇಲ್ಲಿ ಚಪ್ಪಡಿ ಮಾಡುತ್ತದೆ. ಹೀಗೆ ಉಳಿದದ್ದು ಮುದ್ದೆಗೆ ಆದೀತೇ ಹೊರತು ಬಿತ್ತನೆಗೆ ಆಗದು; ಮೊಳೆಯುವ ಶಕ್ತಿ ವರ್ಷಗಳಲ್ಲಿ ಕುಂದುತ್ತದೆ. ಬೀಜದ ರಾಗಿಯನ್ನು ಬೇರೆಯೇ ಇಡಬೇಕು.

ಸೀಸೆ ಶೋಕಿಯ ವಸ್ತು, ಹಗೇವು ಪ್ರಾಣದ ವಸ್ತು. 1876ರಿಂದ 1878ರವರೆಗಿನ ಧಾತು-ಈಶ್ವರ ಬರದಲ್ಲಿ ಐವತ್ತು ಲಕ್ಷ ಜನರಿದ್ದ ಮೈಸೂರು ಸಂಸ್ಥಾನವು ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಒಂದು ಮಳೆ ತಪ್ಪಿದರೆ ಹಗೇವು ಕಾಯುತ್ತಿತ್ತು. ಮೇಲಿಂದ ಮೇಲೆ ತಪ್ಪಿದಾಗ ಹಗೇವೂ ಬರಿದಾಗುತ್ತಿತ್ತು.

ಕಾಯುವ ವಾಯುವೇ ಕೊಲ್ಲುವುದೂ ಉಂಟು. ಇಂಗಾಲಾಮ್ಲ ವಾಯು ಗಾಳಿಗಿಂತ ಭಾರ. ಬಾಯಿ ತೆರೆದರೂ ತಳದಲ್ಲಿಯೇ ಮಲಗಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ದ್ರಾಕ್ಷಿರಸ ಹುದುಗುವ ಯೂರೋಪಿನ ನೆಲಮಾಳಿಗೆಗಳಲ್ಲಿ ಜನರನ್ನು ಬಲಿ ತೆಗೆದುಕೊಂಡದ್ದೂ ಇದೇ ವಾಯುವೇ. ಅವಸರಪಟ್ಟು ಇಳಿದವನು ತಲೆಸುತ್ತಿ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಅಲ್ಲಿಯೇ ಬೀಳುತ್ತಾನೆ. ಒಂದೇ ಮನೆಯ ಇಬ್ಬರು ಮೂವರು ಸಾಯುವುದು ಹೀಗೆಯೇ. ಅದಕ್ಕಾಗಿಯೇ ಹಿರಿಯರು ಚಪ್ಪಡಿ ಸರಿಸಿ ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಆದರೆ ದೀಪ ಉರಿಯುವಷ್ಟು ಪ್ರಾಣವಾಯು ಇದ್ದಾಗಲೂ ಇಂಗಾಲಾಮ್ಲ ಮನುಷ್ಯನಿಗೆ ಹೆಚ್ಚಾಗಿರಬಹುದು. ಆದ್ದರಿಂದ ಚೆನ್ನಾಗಿ ಗಾಳಿಯಾಡಿಸಿ, ಇಳಿಯುವವನ ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ಮೇಲಿನವರು ಹಿಡಿದಿರುವುದೇ ಕ್ಷೇಮ.

ಪಡಿತರದ ಅಕ್ಕಿಯೂ ಗೋಣಿಚೀಲವೂ ತಗಡಿನ ಡ್ರಮ್ಮೂ ಬಂದ ಮೇಲೆ ಎಷ್ಟೋ ಹಗೇವುಗಳು ಮುಚ್ಚಿಹೋದವು. ಕೆಲವು ಕಸದ ಗುಂಡಿಗಳಾದವು, ಕೆಲವುಗಳ ಮೇಲೆ ಮನೆಗಳೆದ್ದವು. ಉಳಿದದ್ದನ್ನು ತೆರೆದಾಗ ಬಾಯಿಯ ಬಳಿಯ ಒಂದು ಪದರ ಮುಗ್ಗಲು ಹಿಡಿದಿರುತ್ತದೆ. ಅದನ್ನು ಬಾಚಿ ತೆಗೆದು ಬಿಸುಡುತ್ತಾರೆ. ಕೆಳಗಿನದನ್ನು ಬಿಸಿಲಿಗೆ ಹರವಿ, ಕೇರಿ, ಬೀಸುವುದಕ್ಕೆ ಕಳುಹಿಸುತ್ತಾರೆ.