ಕಪ್ಪು ಪರದೆಯ ಒಂದು ಸಾಲು: ಉಪಯೋಗವೂ ಅಪಾಯವೂ



ರಾಜ್ಯೋತ್ಸವದ ನೂರಾರು ಫೋಟೋಗಳಿಗೆ ದಿನಾಂಕವಾರು ಹೆಸರಿಡಲು ನಾವು ಶೆಲ್ ಸ್ಕ್ರಿಪ್ಟ್ ಬಳಸುತ್ತೇವೆ. ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಕಡತವೇ ಸ್ಕ್ರಿಪ್ಟ್. ಲಿನಕ್ಸ್‌ನಲ್ಲಿ ಬ್ಯಾಶ್, ವಿಂಡೋಸ್‌ನಲ್ಲಿ 2006ರಲ್ಲಿ ಬಂದ ಪವರ್‌ಶೆಲ್ ಅದನ್ನು ಓದಿ ನಡೆಸುತ್ತವೆ. ಇಡೀ ದಿನದ ಕೆಲಸ ನಿಮಿಷದಲ್ಲಿ ಮುಗಿಯುತ್ತದೆ.

ಆದರೆ ಶೆಲ್ ಹೇಳಿದ್ದನ್ನು ಮಾಡುತ್ತದೆ. ಬರೆದವರು ಯಾರೆಂದು ಕೇಳುವುದಿಲ್ಲ. ನಮ್ಮ ಕಡತಗಳೆಲ್ಲ ಅದರ ಕೈಗೆಟಕುತ್ತವೆ. ವಂಚಕರು ಬಳಸುವುದು ಇದನ್ನೇ. 2024ರಿಂದ ಹೆಚ್ಚಾಗಿ ಕಂಡುಬರುತ್ತಿರುವ ‘ಕ್ಲಿಕ್‌ಫಿಕ್ಸ್’ ಮೋಸದಲ್ಲಿ, ‘ನೀವು ರೋಬೋ ಅಲ್ಲವೆಂದು ತೋರಿಸಿ’ ಎನ್ನುವ ಪುಟವೊಂದು ವಿಂಡೋಸ್ ಕೀ ಜೊತೆ ಆರ್, ಆಮೇಲೆ ಕಂಟ್ರೋಲ್ ವಿ, ಕೊನೆಗೆ ಎಂಟರ್ ಒತ್ತಲು ಹೇಳುತ್ತದೆ. ಆ ಪುಟ ಗುಟ್ಟಾಗಿ ಕಾಪಿ ಮಾಡಿಟ್ಟ ಆದೇಶ ನಮ್ಮ ಕೈಯಿಂದಲೇ ಓಡುತ್ತದೆ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಕಳವಾಗುತ್ತವೆ.

ನಿಜವಾದ ಪರೀಕ್ಷೆ ಎಂದೂ ಹೀಗೆ ಕೇಳುವುದಿಲ್ಲ. ಅರ್ಥವಾಗದ ಸಾಲನ್ನು ಅಂಟಿಸಬೇಡಿ, ತಿಳಿದವರಿಗೆ ತೋರಿಸಿ. ಒತ್ತಿಬಿಟ್ಟಿದ್ದರೆ ಕೂಡಲೇ ಇಂಟರ್ನೆಟ್ ತೆಗೆದು, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ. ನಾವು ಗಡಿಯ ಯಾವ ಕಡೆ ಇದ್ದರೂ ಆ ಸಂಖ್ಯೆ ಒಂದೇ.